ಜಾರಿದ್ದು ಯಾರು ಅಂತ ಮೊದಲು ಕೇಳಿಕೊಳ್ಳಿ

ಪ್ರಶ್ನೆ: ಮೇಡಂ, ನಾನು ಎಸ್ಸೆಸ್ಸೆಲ್ಸಿವರೆಗೆ ಹಾವೇರಿ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹೋದ ತಿಂಗಳು ಮಳೆ ಬಂದ ದಿನ ಆಫೀಸಿನ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ‘ಐ ಗಾಟ್ ಸ್ಲಿಪ್ಡ್ ಫ್ರಮ್ ದ ಸ್ಟೆಪ್ಸ್, ಐ ಹ್ಯಾವ್ ಸ್ಲಿಪ್ ಡಿಸ್ಕ್’ ಎಂದು ಬರೆದು ರಜೆ ಕೇಳಿದೆ. ಆ ಮೇಲ್ ಆಫೀಸ್ ಗ್ರೂಪಿನಲ್ಲೆಲ್ಲ ಓಡಾಡಿ ಎಲ್ಲರೂ ನಕ್ಕರು. ಆಮೇಲೆ ಒಂದು ಫೈಲ್ ಕಳಿಸುವುದು ಮರೆತಾಗ ಗ್ರಾಹಕರಿಗೆ ‘ಐ ಸ್ಲಿಪ್ಡ್ ಟು ಸೆಂಡ್ ದ ಫೈಲ್, ಇಟ್ ವಾಸ್ ಎ ಸ್ಮಾಲ್ ಸ್ಲಿಪ್’ ಎಂದು ಬರೆದೆ, ಮ್ಯಾನೇಜರ್ ಸಿಟ್ಟಾದರು. ಸ್ಯಾಲರಿ ಸ್ಲಿಪ್, ಸ್ಲಿಪ್ ಡಿಸ್ಕ್, ಕ್ರಿಕೆಟ್‌ನ ಸ್ಲಿಪ್, ಕಾಲಿನ ಸ್ಲಿಪ್ಪರ್ ಎಲ್ಲದರ ಮೂಲವೂ ‘ಜಾರುವುದು’ ಎಂಬ ಒಂದೇ ಪದ ಅಂತ ಜೊತೆಯವರೊಬ್ಬರು ಹೇಳುತ್ತಾರೆ. ಹೌದೇ? ಈ ಪದದ ಸಹವಾಸವೇ ಬೇಡ ಅನ್ನಿಸಿಬಿಟ್ಟಿದೆ, ಬಿಟ್ಟುಬಿಡಲೇ? ಇನ್ನೊಂದು ಸಣ್ಣ ಸಂಗತಿ. ನಾನು ಬಿದ್ದ ಮೇಲೆ ಅಲ್ಲಿ ಬೋರ್ಡ್ ಹಾಕಿಸುತ್ತಿದ್ದಾರೆ. ‘ಸ್ಲಿಪರಿ ವೆನ್ ವೆಟ್’ ಎಂಬುದಕ್ಕೆ ಕನ್ನಡ ಬರೆದುಕೊಡು ಎಂದು ನನ್ನನ್ನೇ ಕೇಳಿದ್ದಾರೆ. ಫೋನ್ ‘ಒದ್ದೆಯಾದಾಗ ಜಾರು’ ಅಂತ ಕೊಟ್ಟಿತು. ಸರಿ ಇದೆಯಾ?

ಉತ್ತರ: ಬೆನ್ನು ಈಗ ಹೇಗಿದೆ ಅಂತ ನೀವು ಬರೆದೇ ಇಲ್ಲ. ಬೋರ್ಡಿನವರೆಗೆ ಬಂದಿದ್ದೀರಿ ಅಂದರೆ ಎದ್ದು ಓಡಾಡುತ್ತಿದ್ದೀರಿ ಅಂದುಕೊಂಡಿದ್ದೇನೆ.

ನಕ್ಕವರ ವಿಷಯ ಮೊದಲು ಮುಗಿಸಿಬಿಡೋಣ. ಬಹಳ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಈಗ ಕಚೇರಿಗಳಿಗೆ ಹೋಗಿ ಬರವಣಿಗೆ ಕಲಿಸುವವಳು ನಾನು. ‘ಗಾಟ್ ಸ್ಲಿಪ್ಡ್’ ಎಂಬುದನ್ನು ಒಂದನೇ ಕ್ಲಾಸಿನಿಂದ ಕಾನ್ವೆಂಟಿನಲ್ಲೇ ಓದಿದವರ ಮೇಲ್‌ಗಳಲ್ಲೂ ಲೆಕ್ಕವಿಲ್ಲದಷ್ಟು ಸಲ ಹೊಡೆದುಹಾಕಿದ್ದೇನೆ. ನಿಮ್ಮ ಗ್ರೂಪಿನವರ ಹಳೆಯ ಮೇಲ್ ಜಾಲಾಡಿದರೆ ಅಲ್ಲೂ ಒಂದೆರಡು ಸಿಕ್ಕಾವು. ಹಳ್ಳಿ, ಕನ್ನಡ ಮಾಧ್ಯಮ ಇವಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ.

ಸಂಬಂಧ ಇರುವುದು ನಾವೆಲ್ಲ ದಿನಾ ಆಡುವ ಬೆರಕೆ ಕನ್ನಡಕ್ಕೆ. ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡದಲ್ಲಿ ನಡೆಸಬೇಕಾದರೆ ಅದಕ್ಕೊಂದು ‘ಆಗು’ ಅಥವಾ ‘ಮಾಡು’ ಕಟ್ಟುತ್ತೇವೆ. ಕನ್‌ಫ್ಯೂಸ್ ಆದೆ, ಶಾಕ್ ಆದೆ, ಸ್ಲಿಪ್ ಆದೆ. ಮಾತಿಗೆ ಇದು ಸಲೀಸು, ನಾನೂ ಹಾಗೇ ಆಡುತ್ತೇನೆ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಆ ‘ಆಗು’ ನಮ್ಮನ್ನು ಬಿಡುವುದಿಲ್ಲ, ‘ಗಾಟ್’ ಎಂಬ ವೇಷ ಹಾಕಿಕೊಂಡು ಹಿಂದೆಯೇ ಬರುತ್ತದೆ. ‘ಐ ಗಾಟ್ ಕನ್‌ಫ್ಯೂಸ್ಡ್’ ಸರಿಯಾದ ಇಂಗ್ಲಿಷೇ ಆದ್ದರಿಂದ ‘ಐ ಗಾಟ್ ಸ್ಲಿಪ್ಡ್’ ಕೂಡ ಕಿವಿಗೆ ಸರಿ ಅನ್ನಿಸುತ್ತದೆ. ಎಲ್ಲಿ ಕೆಟ್ಟಿತು ಅಂದರೆ, ಇನ್ನೊಬ್ಬರು ನನ್ನನ್ನು ಕನ್‌ಫ್ಯೂಸ್ ಮಾಡಬಹುದು, ಶಾಕ್ ಕೊಡಬಹುದು. ನನ್ನನ್ನು ಯಾರೂ ‘ಸ್ಲಿಪ್’ ಮಾಡಲಾರರು. ಜಾರುವುದು ನಾನೇ. ಹಾಗಾಗಿ ‘ಐ ಸ್ಲಿಪ್ಡ್’ ಅಂದರೆ ಮುಗಿಯಿತು, ‘ಗಾಟ್’ಗೆ ಅಲ್ಲಿ ಮಾಡಲು ಕೆಲಸವಿಲ್ಲ.

ನನ್ನ ತರಗತಿಗಳಲ್ಲಿ ಇದಕ್ಕೆ ಒಂದು ಉಪಾಯ ಹೇಳುತ್ತೇನೆ. ‘ಸ್ಲಿಪ್ ಆಯ್ತು’ ಎಂಬುದನ್ನು ತೆಗೆದು ಅಲ್ಲಿ ನಮ್ಮ ಹಳೆಯ ‘ಜಾರು’ ಇಟ್ಟುಕೊಳ್ಳಿ. ಆಮೇಲೆ ಕೇಳಿಕೊಳ್ಳಿ: ಜಾರಿದ್ದು ಯಾರು, ಏನು? ನಾನು ಜಾರಿದೆ. ಕಾಲು ಜಾರಿತು. ಲೋಟ ಕೈಜಾರಿತು. ಸೆರಗು ಜಾರಿತು. ವಿಷಯ ನೆನಪಿನಿಂದ ಜಾರಿತು. ಏನು ಜಾರಿತೋ ಅದನ್ನೇ ಇಂಗ್ಲಿಷ್ ವಾಕ್ಯದ ಮೊದಲಿಗೆ ಕೂರಿಸಿ. ‘ಐ ಸ್ಲಿಪ್ಡ್’, ‘ಮೈ ಫುಟ್ ಸ್ಲಿಪ್ಡ್’, ‘ದ ಗ್ಲಾಸ್ ಸ್ಲಿಪ್ಡ್ ಫ್ರಮ್ ಮೈ ಹ್ಯಾಂಡ್’, ‘ಇಟ್ ಸ್ಲಿಪ್ಡ್ ಮೈ ಮೈಂಡ್’. ಕನ್ನಡದ ‘ಜಾರು’ ಮತ್ತು ಇಂಗ್ಲಿಷಿನ ‘ಸ್ಲಿಪ್’ ಬಹುಮಟ್ಟಿಗೆ ಒಂದೇ ಹೆಜ್ಜೆ ಹಾಕುತ್ತವೆ. ಕಾಲು, ಕೈ, ನಾಲಿಗೆ, ನೆನಪು, ಅವಕಾಶ, ದರ್ಜೆ, ಎರಡು ಭಾಷೆಯಲ್ಲೂ ಇವೆಲ್ಲ ಜಾರುತ್ತವೆ.

ಈಗ ನಿಮ್ಮ ‘ಐ ಸ್ಲಿಪ್ಡ್ ಟು ಸೆಂಡ್’ ನೋಡಿ. ಕನ್ನಡದಲ್ಲಿ ನೀವು ‘ಕಳಿಸೋದು ಸ್ಲಿಪ್ ಆಯ್ತು’ ಅಂದಿರುತ್ತೀರಿ. ಅಲ್ಲಿ ಜಾರಿದ್ದು ‘ಕಳಿಸೋದು’. ಇಂಗ್ಲಿಷಿಗೆ ಬರುವಾಗ ಆ ಜಾಗದಲ್ಲಿ ‘ನಾನು’ ಬಂದು ಕೂತುಬಿಟ್ಟಿತು. ಫೈಲ್ ಕಳಿಸಲು ಹೋಗಿ ನೀವೇ ದಾರಿಯಲ್ಲಿ ಎಡವಿ ಬಿದ್ದ ಹಾಗಾಯಿತು.

ಈ ವಿಷಯದಲ್ಲಿ ನಮಗಿಂತ ಗ್ಯಾರೇಜಿನವರ ಇಂಗ್ಲಿಷ್ ಚೊಕ್ಕ. ಹೋದ ವರ್ಷ ನನ್ನ ಹಳೆಯ ಕಾರು ದಿಬ್ಬ ಹತ್ತುವಾಗ ಗೋಳಾಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಹೋ ಎಂದು ಕೂಗುತ್ತದೆ, ಬಂಡಿ ಮಾತ್ರ ತೆವಳುತ್ತದೆ. ಮೆಕ್ಯಾನಿಕ್ ಹುಡುಗ ಒಂದು ಸುತ್ತು ಓಡಿಸಿ ಬಂದು, ‘ಕ್ಲಚ್ ಸ್ಲಿಪ್ ಹೊಡೀತೈತೆ ಮೇಡಂ, ಪ್ಲೇಟ್ ಸವೆದಿದೆ’ ಅಂದ. ಎಂಜಿನ್ನಿನ ತಿರುಗುವಿಕೆಯನ್ನು ಗೇರಿಗೆ ದಾಟಿಸಬೇಕಾದ ತಟ್ಟೆ ಹಿಡಿತ ಸಾಲದೆ ಜಾರುತ್ತಿತ್ತು. ಇಂಗ್ಲಿಷಿನಲ್ಲೂ ಅದೇ ಮಾತು, ‘ದ ಕ್ಲಚ್ ಈಸ್ ಸ್ಲಿಪ್ಪಿಂಗ್’. ಏನು ಜಾರಿತು ಎಂದು ಅವನಿಗೆ ಗೊತ್ತಿತ್ತು, ಅದನ್ನೇ ಮೊದಲು ಹೇಳಿದ.

ಇನ್ನು ‘ಫ್ರಮ್ ದ ಸ್ಟೆಪ್ಸ್’. ಇದು ‘ಮೆಟ್ಟಿಲಿಂದ ಬಿದ್ದೆ’ ಎಂಬುದರ ನೆರಳು. ಜಾರಿದ್ದು ಎಲ್ಲಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಆನ್’ ಬೇಕು: ‘ಐ ಸ್ಲಿಪ್ಡ್ ಆನ್ ದ ವೆಟ್ ಸ್ಟೆಪ್ಸ್’. ಉರುಳಿ ಕೆಳಗೆ ಬಂದಿದ್ದರೆ ‘ಫೆಲ್ ಡೌನ್ ದ ಸ್ಟೆಪ್ಸ್’. ಬರೆಯುವಾಗ ‘ಸ್ಲಿಪ್ಡ್’, ‘ಸ್ಲಿಪ್ಪಿಂಗ್’ ಎರಡರಲ್ಲೂ ‘ಪಿ’ ಅಕ್ಷರ ಎರಡು ಸಲ ಬರುತ್ತದೆ, ಒಂದೇ ಬರೆದರೆ ತಪ್ಪು.

ಸ್ಲಿಪ್, ಸ್ಲೈಡ್, ಸ್ಕಿಡ್ ಮೂರಕ್ಕೂ ನಮ್ಮಲ್ಲಿ ‘ಜಾರು’ ಒಂದೇ ಸಾಕು, ಅದರಿಂದಲೂ ಗೊಂದಲವಾಗುತ್ತದೆ. ಪಾರ್ಕಿನ ಜಾರುಬಂಡೆಯ ಮೇಲೆ ಮಗು ಮಾಡುವುದು ಸ್ಲೈಡ್. ಬೇಕೆಂದೇ ಕೂತು, ಮೇಲಿಂದ ಕೆಳಗಿನವರೆಗೆ ನುಣ್ಣಗೆ ಇಳಿಯುವುದು. ಅದೇ ಮಗು ಏಣಿ ಹತ್ತುವಾಗ ತಟಕ್ಕನೆ ಕಾಲು ತಪ್ಪಿದರೆ ಸ್ಲಿಪ್. ಅದು ಗಳಿಗೆಯ ಕೆಲಸ, ಬೇಕೆಂದು ಆದದ್ದಲ್ಲ. ಮಳೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಬೈಕ್ ಅಡ್ಡಡ್ಡ ಹೋದರೆ ಸ್ಕಿಡ್. ಸ್ಲೈಡ್‌ನ ಭೂತಕಾಲ ‘ಸ್ಲಿಡ್’, ‘ಸ್ಲೈಡೆಡ್’ ಅಲ್ಲ.

ಉಚ್ಚಾರಣೆಯ ಕಡೆ ನಾವು ಪುಣ್ಯವಂತರು. ಹ್ರಸ್ವ ‘ಇ’, ದೀರ್ಘ ‘ಈ’ ನಮಗೆ ತಾಯಿ ಹಾಲಿನ ಜೊತೆ ಬಂದಿವೆ, ಹಾಗಾಗಿ ಸ್ಲಿಪ್ ಬೇರೆ ಸ್ಲೀಪ್ ಬೇರೆ ಎಂದು ಯಾರೂ ಕಲಿಸಬೇಕಾಗಿಲ್ಲ. ಆದರೂ ಖಾಸಗಿ ಬಸ್ಸುಗಳ ಬೆನ್ನಿನ ಮೇಲೆ ‘ಎಸಿ ಸ್ಲಿಪ್ಪರ್ ಕೋಚ್’ ಎಂದು ದಪ್ಪ ಅಕ್ಷರದಲ್ಲಿ ಬರೆಸಿರುತ್ತಾರೆ. ಚಪ್ಪಲಿಗೂ ಹವಾನಿಯಂತ್ರಣ!

ನಿಮ್ಮ ಜೊತೆಯವರ ಮಾತಿಗೆ ಬರೋಣ. ಎಲ್ಲ ಸ್ಲಿಪ್‌ಗಳೂ ಒಂದೇ ತಾಯಿಯ ಮಕ್ಕಳು ಎಂಬುದು ನಿಜವಲ್ಲ, ಆದರೆ ತುಂಬ ಓದಿದವರೂ ನಂಬುವಂಥ ಸುಳ್ಳು. ಕನ್ನಡದಲ್ಲೇ ಒಂದು ಉದಾಹರಣೆ ಕೊಡುತ್ತೇನೆ. ‘ಅವನು ಜಾರಿ ಬಿದ್ದ’ ಎನ್ನುತ್ತೇವೆ, ‘ಕಾನೂನು ಜಾರಿಗೆ ಬಂತು’ ಎಂದೂ ಎನ್ನುತ್ತೇವೆ. ಬರವಣಿಗೆ ಒಂದೇ, ಉಚ್ಚಾರಣೆ ಒಂದೇ. ಮೊದಲನೆಯದು ತೆಲುಗಿನಲ್ಲೂ ಇರುವ ನಮ್ಮದೇ ‘ಜಾರು’. ಎರಡನೆಯದು ಹರಿಯುವ, ನಡೆಯುತ್ತಿರುವ ಎಂಬ ಅರ್ಥದ ಅರಬ್ಬಿ ಪದ, ಫಾರಸಿಯ ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಬಂದು ಸೇರಿದ್ದು. ಇದು ಗೊತ್ತಿಲ್ಲದವರಿಗೆ ಜಾರಿ ನಿರ್ದೇಶನಾಲಯ ಎಂದರೆ ಕಾಲು ಜಾರಿದವರನ್ನು ವಿಚಾರಿಸುವ ಇಲಾಖೆ ಅನ್ನಿಸಿದರೂ ಆಶ್ಚರ್ಯವಿಲ್ಲ.

ಇಂಗ್ಲಿಷಿನ ‘ಸ್ಲಿಪ್’ ಕೂಡ ಹೀಗೇ. ಕನಿಷ್ಠ ಮೂರು ಬೇರೆ ಬೇರೆ ಪದಗಳು ಒಂದೇ ಅಂಗಿ ತೊಟ್ಟು ನಿಂತಿವೆ. ಒಳ್ಳೆಯ ನಿಘಂಟುಗಳು ಇವನ್ನು ಒಂದು, ಎರಡು, ಮೂರು ಎಂದು ಬೇರೆ ಬೇರೆ ಶೀರ್ಷಿಕೆಯಡಿ ಕೊಡುತ್ತವೆ.

ಜಾರುವ ಸ್ಲಿಪ್ ಮಧ್ಯಕಾಲದ ಇಂಗ್ಲಿಷಿಗೆ ಉತ್ತರ ಜರ್ಮನಿ, ಹಾಲೆಂಡ್ ಕಡೆಯ ‘ಸ್ಲಿಪ್ಪೆನ್’ ಎಂಬ ಪದದಿಂದ ಬಂದದ್ದು. ಚೀಟಿಯ ಸ್ಲಿಪ್ ಬೇರೆ. ಅದು ಅದೇ ಸೀಮೆಯ, ಆದರೆ ಸೀಳು, ಕತ್ತರಿಸಿದ ತುಂಡು ಎಂಬ ಅರ್ಥದ ‘ಸ್ಲಿಪ್ಪೆ’ಯಿಂದ ಬಂದದ್ದು. ಮೊದಲು ಅದು ಗಿಡದಿಂದ ಮುರಿದ ನೆಡುವ ಕಡ್ಡಿಗೆ ಹೆಸರಾಯಿತು, ಆಮೇಲೆ ಉದ್ದುದ್ದ ಕತ್ತರಿಸಿದ ಕಾಗದದ ತುಂಡಿಗೆ. ನಿಮ್ಮ ಸ್ಯಾಲರಿ ಸ್ಲಿಪ್, ಬ್ಯಾಂಕಿನಲ್ಲಿ ದುಡ್ಡು ಕಟ್ಟುವ ಸ್ಲಿಪ್, ಎಲ್ಲ ಈ ಮನೆಯವು.

ಇಲ್ಲಿ ಒಂದು ತಮಾಷೆಯ ನಂಬಿಕೆ ಹುಟ್ಟಿಕೊಂಡಿದೆ. ಮತಗಟ್ಟೆಯಲ್ಲಿ ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಒಂದು ಚೀಟಿ ಕಾಣುತ್ತದಲ್ಲ, ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವುದು. 7 ಸೆಕೆಂಡ್ ಕಂಡು, ಕತ್ತರಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಹಾಗೆ ಕೆಳಗೆ ಜಾರುವುದರಿಂದಲೇ ಅದು ಸ್ಲಿಪ್ ಎಂದು ಒಬ್ಬ ಶಿಷ್ಯ ನನಗೇ ಪಾಠ ಹೇಳಿದ್ದ. ಕೇಳಲು ಚೆನ್ನಾಗಿದೆ. ಆದರೆ ಅದು ಸ್ಲಿಪ್ ಆದದ್ದು ಬೀಳುವುದಕ್ಕೆ ಮೊದಲೇ, ಸುರುಳಿಯಿಂದ ಕತ್ತರಿಸಿದ ತುಂಡು ಎಂಬ ಕಾರಣಕ್ಕೆ. ಇದಕ್ಕೆ ನಮ್ಮ ‘ಚೀಟಿ’ ಇದ್ದೇ ಇದೆ. ಇನ್ನೊಂದು ವಿಚಿತ್ರ ನೋಡಿ: ಇಂಗ್ಲಿಷರು ಭಾರತಕ್ಕೆ ಬಂದು ಇಲ್ಲಿನ ಚಿಟ್ಠಿಯನ್ನು ‘ಚಿಟ್’ ಎಂದು ತಮ್ಮ ಭಾಷೆಗೆ ಸೇರಿಸಿಕೊಂಡರು. ನಾವು ಚೀಟಿಯನ್ನು ಚೀಟಿ ವ್ಯವಹಾರಕ್ಕೆ ಬಿಟ್ಟು, ಉಳಿದ ಕಡೆಯೆಲ್ಲ ‘ಸ್ಲಿಪ್ ಕೊಡಿ’ ಎನ್ನುತ್ತಿದ್ದೇವೆ.

ನೆಡುವ ಕಡ್ಡಿಯ ಅರ್ಥ ಸತ್ತಿದೆ ಅಂದುಕೊಳ್ಳಬೇಡಿ. ನಿಮ್ಮ ಹಾವೇರಿಯಿಂದ ಬನವಾಸಿ ಕಡೆ ಹೋದರೆ ಅನಾನಸ್ ಹೊಲಗಳಿವೆ. ಅನಾನಸ್ ನೆಡಲು ಬುಡದಲ್ಲಿ ಒಡೆಯುವ ಕಂದು ಆಗುತ್ತದೆ, ಹಣ್ಣಿನ ತಲೆಯ ಜುಟ್ಟು ಆಗುತ್ತದೆ, ಹಣ್ಣಿನ ಕೆಳಗೆ ತೊಟ್ಟಿನ ಮೇಲೆ ಮೂಡುವ ಸಣ್ಣ ಮರಿಗಳೂ ಆಗುತ್ತವೆ. ಈ ಮೂರನೆಯದಕ್ಕೆ ಕೃಷಿ ಪುಸ್ತಿಕೆಗಳಲ್ಲಿ ಸ್ಲಿಪ್ ಎಂದೇ ಹೆಸರು. ಲಾವಂಚ ನೆಡುವಾಗ ಬುಡ ಸೀಳಿ ಬೇರಿನ ಸಮೇತ ಬಿಡಿಸುವ ಎಸಳುಗಳೂ ಸ್ಲಿಪ್‌ಗಳೇ. ಕೃಷಿ ಕರಪತ್ರ ಅನುವಾದಿಸುವವರು ಇಲ್ಲಿ ಎಡವುತ್ತಾರೆ. ‘ಲಾವಂಚದ ಜಾರುಗಳನ್ನು ನೆಡಿ’ ಎಂಬ ವಾಕ್ಯವನ್ನು ನಾನು ಕಣ್ಣಾರೆ ಓದಿದ್ದೇನೆ. ಇಂಗ್ಲಿಷಿನಲ್ಲಿ ಸಪೂರ ಹುಡುಗಿಯನ್ನು ‘ಎ ಸ್ಲಿಪ್ ಆಫ್ ಎ ಗರ್ಲ್’ ಎನ್ನುವುದೂ ಈ ಎಳೆ ಕಡ್ಡಿಯಿಂದಲೇ. ಜಾರಿದ ಹುಡುಗಿ ಎಂದು ಕನ್ನಡಿಸಿದರೆ ಗ್ರಹಚಾರ.

ಮೂರನೆಯದು ಕುಂಬಾರರ ಸ್ಲಿಪ್. ನೀರಿನಲ್ಲಿ ಕದಡಿದ ನುಣ್ಣನೆಯ ಜೇಡಿಯ ತಿಳಿ, ಮಡಕೆಗೆ ಬಳಿಯುವುದು. ಇದು ಲೋಳೆ, ಕೆಸರು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಇಳಿದದ್ದು. ಬಲು ಹಿಂದಕ್ಕೆ ಹೋದರೆ ಜಾರುವುದಕ್ಕೂ ಲೋಳೆಗೂ ದೂರದ ನಂಟಿದೆ ಎನ್ನುತ್ತಾರೆ, ಲೋಳೆಯ ಮೇಲೆ ಕಾಲಿಟ್ಟವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಅರಳುವ ‘ಕೌಸ್ಲಿಪ್’ ಎಂಬ ಹಳದಿ ಹೂವಿನ ಹೆಸರಿನಲ್ಲಿರುವುದೂ ಇದೇ ಪದ, ಅಲ್ಲಿ ಹಸುವಿನ ಸಗಣಿ ಎಂಬ ಅರ್ಥದಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದರು. ಅಂಥ ನೆಲೆಗಳ ಮಡಕೆ ಚೂರುಗಳ ವಿವರಣೆಯಲ್ಲಿ ಪುರಾತತ್ವದವರು ಈ ‘ಸ್ಲಿಪ್’ ಅನ್ನು ಮೇಲಿಂದ ಮೇಲೆ ಬಳಸುತ್ತಾರೆ. ಮಣ್ಣಿನ ಲೇಪ ಎಂದರೆ ಸಾಕು.

ಇಷ್ಟಾದ ಮೇಲೆ, ನಿಮ್ಮ ಜೊತೆಯವರು ಅರ್ಧ ಗೆದ್ದಿದ್ದಾರೆ ಎಂದೂ ಹೇಳಬೇಕು. ಸ್ಲಿಪ್ಪರ್ ನಿಜಕ್ಕೂ ಜಾರುವ ಸ್ಲಿಪ್‌ನಿಂದಲೇ ಬಂದದ್ದು. ಹಾಕಿಕೊಂಡರೆ ಜಾರುತ್ತದೆ ಎಂದಲ್ಲ, ಕಾಲನ್ನು ಸಲೀಸಾಗಿ ಜಾರಿಸಿ ತೂರಿಸಬಹುದು ಎಂದು. ಹೆಂಗಸರ ಒಳಉಡುಪಿನ ಸ್ಲಿಪ್, ದಿಂಬಿನ ಕವರಿಗೆ ಹೇಳುವ ‘ಪಿಲ್ಲೋ ಸ್ಲಿಪ್’ ಕೂಡ ಹಾಗೇ. ಲಂಡನ್ನಿನಲ್ಲಿರುವ ನೆಂಟರು ‘ಬರ್ತಾ ಸ್ಲಿಪ್ಪರ್ಸ್ ತಗೊಂಡು ಬಾ’ ಅಂದರೆ ಹವಾಯಿ ಚಪ್ಪಲಿ ಒಯ್ಯಬೇಡಿ. ಅಲ್ಲಿ ಸ್ಲಿಪ್ಪರ್ ಎಂದರೆ ಮನೆಯೊಳಗೆ ಚಳಿಗೆ ಹಾಕುವ ಮೆತ್ತನೆಯ ಬಟ್ಟೆ ಷೂ.

ಕ್ರಿಕೆಟ್‌ನ ಸ್ಲಿಪ್ ಕೂಡ ಈ ಮನೆಯದೇ, ಆದರೆ ‘ತಪ್ಪು’ ಎಂಬ ಅರ್ಥದ ಕಡೆಯಿಂದ. ಬ್ಯಾಟ್ಸ್‌ಮನ್ ಎಡವಿದರೆ, ಅಂಚಿಗೆ ತಾಗಿಸಿದರೆ, ಹಿಡಿಯಲು ವಿಕೆಟ್‌ಕೀಪರ್ ಪಕ್ಕ ಕಾದು ನಿಂತವನ ಜಾಗ ಅದು, ಹೆಚ್ಚು ಮಂದಿ ಒಪ್ಪುವ ವಿವರಣೆ ಇದು. ಇನ್ನೊಬ್ಬರ ಸ್ಲಿಪ್‌ಗೆ ಕಾಯುವುದರಲ್ಲಿ ನಮ್ಮ ದ್ರಾವಿಡ್ ಅವರನ್ನು ಮೀರಿಸಿದವರು ಬಹಳ ಕಾಲ ಇರಲಿಲ್ಲ. 164 ಟೆಸ್ಟ್‌ಗಳಲ್ಲಿ 210 ಕ್ಯಾಚ್, ಹೆಚ್ಚಿನವು ಸ್ಲಿಪ್‌ನಲ್ಲೇ. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಆ ದಾಖಲೆ ಮುರಿದರು. ಆ 211ನೇ ಕ್ಯಾಚ್ ಕೊಟ್ಟವರು ಕರುಣ್ ನಾಯರ್. ಕನ್ನಡಿಗರ ದಾಖಲೆ ಹೋದದ್ದೂ ಕನ್ನಡ ಬಲ್ಲ ಬ್ಯಾಟಿನ ಅಂಚಿನಿಂದಲೇ. ಹೋಗಲಿ ಬಿಡಿ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಲಿಪ್ ಡಿಸ್ಕ್ ವಿಷಯದಲ್ಲಿ ಎರಡು ಎಚ್ಚರಿಕೆ. ಮೊದಲನೆಯದು ಭಾಷೆಯದು: ಇಂಗ್ಲಿಷಿನಲ್ಲಿ ಅದು ‘ಸ್ಲಿಪ್ಡ್ ಡಿಸ್ಕ್’, ಅದರ ಮುಂದೆ ‘ಎ’ ಬೇಕು. ಎರಡನೆಯದು ಹೆಚ್ಚು ಮುಖ್ಯ. ಆ ಹೆಸರೇ ಒಂದು ಸುಳ್ಳು. ಬೆನ್ನೆಲುಬಿನ ನಡುವಿನ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಮೇಲಿನ ಕೆಳಗಿನ ಮೂಳೆಗಳಿಗೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಅದರ ಹೊರಬಳೆ ಸೀಳಿ, ಒಳಗಿನ ಲೋಳೆಯಂಥ ತಿರುಳು ಹೊರಗೆ ಉಬ್ಬಿ ನರವನ್ನು ಒತ್ತುತ್ತದೆ. ವೈದ್ಯರ ವರದಿಯಲ್ಲಿ ಅದಕ್ಕೇ ‘ಬಲ್ಜ್’, ‘ಪ್ರೊಲಾಪ್ಸ್’, ‘ಹರ್ನಿಯೇಷನ್’ ಎಂದಿರುತ್ತದೆ. ಡಿಸ್ಕ್ ಜಾರಿದೆ ಎಂದು ಕೇಳಿ, ಮತ್ತೆ ಅಲುಗಿದರೆ ಪೂರ್ತಿ ಹೊರಗೇ ಬಂದೀತು ಎಂದು ಹೆದರಿ ಹಾಸಿಗೆ ಹಿಡಿದವರನ್ನು ಕಂಡಿದ್ದೇನೆ. ವೈದ್ಯರು ನೋಡಿ ಹೇಳುವ ಮೊದಲೇ ನೀವಾಗಿ ಆ ಹೆಸರನ್ನು ಮೇಲ್‌ನಲ್ಲಿ ಬರೆಯುವುದರಲ್ಲೂ ತೊಂದರೆ ಇದೆ. ನಾಳೆ ವಿಮೆಗೋ ಪರಿಹಾರಕ್ಕೋ ಕಾಗದ ಹಾಕುವಾಗ ನೀವು ಬರೆದದ್ದು ಒಂದು, ವರದಿ ಹೇಳುವುದು ಇನ್ನೊಂದು ಎಂದಾದರೆ ಉತ್ತರ ಕೊಡಬೇಕಾದವರು ನೀವೇ. ‘ಐ ಹ್ಯಾವ್ ಹರ್ಟ್ ಮೈ ಬ್ಯಾಕ್’ ಅಂದರೆ ಆ ಹೊತ್ತಿಗೆ ಸಾಕು.

ಈಗ ಮ್ಯಾನೇಜರ್ ಸಿಟ್ಟು. ಅಲ್ಲಿ ವ್ಯಾಕರಣದ ತಪ್ಪಿಗಿಂತ ‘ಸ್ಮಾಲ್ ಸ್ಲಿಪ್’ ಎಂಬ ಎರಡು ಪದ ಚುಚ್ಚಿರಬೇಕು. ತಪ್ಪಿಗೆ ಇಂಗ್ಲಿಷಿನಲ್ಲಿ ಹಲವು ಹೆಸರಿದೆ, ಎಲ್ಲದರ ತೂಕ ಒಂದೇ ಅಲ್ಲ. ಮನುಷ್ಯರ ತಪ್ಪುಗಳನ್ನು ಅಧ್ಯಯನ ಮಾಡಿದ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರಲ್ಲಿ ಒಂದು ವಿಂಗಡಣೆ ಕೊಟ್ಟರು. ಮಾಡಬೇಕೆಂದುಕೊಂಡದ್ದು ಸರಿ, ಕೈ ತಪ್ಪಿತು, ಅದು ಸ್ಲಿಪ್. ನೆನಪು ಕೈಕೊಟ್ಟಿತು, ಅದು ಲ್ಯಾಪ್ಸ್. ಮಾಡಬೇಕೆಂದುಕೊಂಡದ್ದೇ ತಪ್ಪು, ಅದು ಮಿಸ್ಟೇಕ್. ಸಾಂಬಾರಿಗೆ ಉಪ್ಪು ಹಾಕಲು ಹೋಗಿ ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಮೊದಲನೆಯದು, ಉಪ್ಪು ಹಾಕುವುದನ್ನೇ ಮರೆತರೆ ಎರಡನೆಯದು, ಸಾಂಬಾರಿಗೆ ಸಕ್ಕರೆಯೇ ಸರಿ ಎಂದು ನಂಬಿ ಹಾಕಿದರೆ ಮೂರನೆಯದು. ಮೂರನೆಯದರ ಬಗ್ಗೆ ಉಡುಪಿಯವರು ಜಗಳಕ್ಕೆ ಬಂದಾರು, ಅವರಿಗೆ ಬೆಲ್ಲದ ವಿನಾಯಿತಿ ಇದೆ. ಹೀಗೆ ನೋಡಿದರೆ ನೀವು ಮಾಡಿದ್ದು ಸ್ಲಿಪ್ ಕೂಡ ಅಲ್ಲ, ಮರೆವು.

ದಿನಬಳಕೆಯಲ್ಲಿ ಈ ಗೆರೆಗಳು ಇಷ್ಟು ಗಟ್ಟಿಯಾಗಿಲ್ಲ. ಆದರೂ ‘ಸ್ಲಿಪ್’ ಎಂದಾಗ ಕೇಳುವವರ ಕಿವಿಗೆ ‘ಏನು ಮಹಾ, ಕೈತಪ್ಪು’ ಎಂಬ ದನಿ ಹೋಗುತ್ತದೆ. ತಪ್ಪು ಎಷ್ಟು ದೊಡ್ಡದು ಎಂದು ತೂಗುವ ಹಕ್ಕು ನಷ್ಟವಾದವರದು. ಅದಕ್ಕೆ ‘ಸ್ಮಾಲ್’ ಬೇರೆ ಸೇರಿದರೆ ಕೇಳುವುದೇ ಬೇಡ. ಅಂಥ ಕಡೆ ನಿಮಗಿರುವ ದಾರಿಗಳು ಇವು. ‘ಇಟ್ ಸ್ಲಿಪ್ಡ್ ಮೈ ಮೈಂಡ್’ ಎನ್ನಬಹುದು. ಪಕ್ಕದ ಮೇಜಿನವರಿಗೆ, ಟೀ ತರಲು ಮರೆತದ್ದಕ್ಕೆ ಚೆಂದ. ಗ್ರಾಹಕರಿಗೆ ಬರೆದರೆ, ಇವರ ಕೆಲಸ ನಮ್ಮ ತಲೆಯಲ್ಲೇ ಇರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ‘ದೇರ್ ವಾಸ್ ಎ ಡಿಲೇ’ ಎಂದು ಯಾರ ಹೆಸರೂ ಇಲ್ಲದೆ ಜಾರಿಕೊಳ್ಳಬಹುದು. ಕಚೇರಿಗಳಿಗೆ ಇದು ಬಲು ಪ್ರಿಯ. ಒಂದು ಸಲ ನಡೆಯುತ್ತದೆ, ಮೂರನೆಯ ಸಲಕ್ಕೆ ನುಣುಚಿಕೊಳ್ಳುವವರು ಎಂಬ ಹೆಸರು ಬರುತ್ತದೆ. ‘ಐ ಫರ್ಗಾಟ್ ಟು ಸೆಂಡ್ ದ ಫೈಲ್ ಯೆಸ್ಟರ್‌ಡೇ. ಐ ಯಾಮ್ ಸಾರಿ. ಇಟ್ ಈಸ್ ಅಟ್ಯಾಚ್ಡ್ ನೌ’ ಎಂದು ನೇರ ಬರೆಯಬಹುದು. ನನ್ನ ಒಲವು ಇದಕ್ಕೇ. ಇದರಲ್ಲಿರುವ ಅಪಾಯ, ತಪ್ಪು ನಿಮ್ಮದೆಂದು ಲಿಖಿತವಾಗಿ ಉಳಿಯುತ್ತದೆ. ದಂಡ, ಒಪ್ಪಂದ, ಆಡಿಟ್ ಮುಂತಾದ ವಿಷಯವಾದರೆ ಕಳಿಸುವ ಮುನ್ನ ಮೇಲಿನವರಿಗೆ ಒಮ್ಮೆ ತೋರಿಸಿ. ಒಂದು ದಿನ ತಡವಾದ ಫೈಲಿಗೆ ಅಷ್ಟೆಲ್ಲ ಬೇಡ.

ಬಾಯಿತಪ್ಪಿ ಆಡಿದ ಮಾತಿಗೆ ಮಾತ್ರ ಸ್ಲಿಪ್ ಹೇಳಿಮಾಡಿಸಿದ ಪದ. ‘ಸ್ಲಿಪ್ ಆಫ್ ದ ಟಂಗ್’, ನಾಲಿಗೆ ಜಾರಿತು. ಅದು ಬರೀ ಆಕಸ್ಮಿಕವಲ್ಲ, ಒಳಗೆ ಅದುಮಿಟ್ಟದ್ದು ಹೊರಬಂದದ್ದು ಎಂದು 1901ರಲ್ಲಿ ವಾದಿಸಿದವರು ಫ್ರಾಯ್ಡ್. ‘ಫ್ರಾಯ್ಡಿಯನ್ ಸ್ಲಿಪ್’ ಎಂಬ ಮಾತು ಅವರ ಹೆಸರಿನಲ್ಲಿ ಓಡಾಡುತ್ತಿದ್ದರೂ, ಜರ್ಮನ್ನಿನಲ್ಲಿ ಬರೆದ ಅವರು ಬಳಸಿದ ಪದದಲ್ಲಿ ಜಾರುವುದೂ ಇಲ್ಲ, ನಾಲಿಗೆಯೂ ಇಲ್ಲ. ‘ಫೆಲ್‌ಲೈಸ್ಟುಂಗ್’ ಎಂದರೆ ತಪ್ಪಿ ನಡೆದ ಕೆಲಸ ಎಂದಷ್ಟೇ.

‘ಜಾರು’ ಮತ್ತು ‘ಸ್ಲಿಪ್’ ಒಂದೇ ಹೆಜ್ಜೆ ಹಾಕುತ್ತವೆ ಎಂದೆನಲ್ಲ, ಎರಡು ಕಡೆ ಕೈಬಿಡುತ್ತವೆ. ‘ಷಿ ಸ್ಲಿಪ್ಡ್ ಅವೇ ಇನ್ ಹರ್ ಸ್ಲೀಪ್’ ಎಂದರೆ ನಿದ್ದೆಯಲ್ಲೇ ನೆಮ್ಮದಿಯಾಗಿ ತೀರಿಕೊಂಡರು ಎಂದು. ನನ್ನ ತರಗತಿಯ ಒಬ್ಬರು ‘ಅಜ್ಜಿ ನಿದ್ದೆಯಲ್ಲೇ ಜಾರಿಕೊಂಡರು’ ಎಂದು ಅನುವಾದಿಸಿದ್ದರು, ಅಜ್ಜಿ ಸಾಲಗಾರರ ಕಣ್ಣುತಪ್ಪಿಸಿ ಹಿತ್ತಲ ಬಾಗಿಲಿಂದ ಹೋದ ಹಾಗಿತ್ತು. ಇನ್ನೊಂದು, ಹೆಂಗಸಿನ ವಿಷಯದಲ್ಲಿ ‘ಕಾಲು ಜಾರಿದಳು’ ಎಂದರೆ ಕನ್ನಡದಲ್ಲಿ ಬೇರೆಯೇ ಅರ್ಥ ಹೊರಡುತ್ತದೆ. ಇಂಗ್ಲಿಷಿನ ‘ಷಿ ಸ್ಲಿಪ್ಡ್’ನಲ್ಲಿ ಆ ಚುಚ್ಚು ಇಲ್ಲ. ಅಪಘಾತದ ವರದಿ ಕನ್ನಡದಲ್ಲಿ ಬರೆಯುವಾಗ ‘ಜಾರಿ ಬಿದ್ದರು’ ಎಂದು ಬೀಳುವುದನ್ನು ಸೇರಿಸಿಬಿಡಿ, ಯಾರ ಹುಬ್ಬೂ ಏರುವುದಿಲ್ಲ.

ಕೆಲವು ಕಡೆ ಕನ್ನಡದ ಬೇರೆ ಮಾತುಗಳೇ ಮೇಲು. ಕಪ್ಪಿಗೂ ತುಟಿಗೂ ನಡುವೆ ಎಷ್ಟೋ ಸ್ಲಿಪ್ ಎಂದು ಅವರು ಹೇಳುವ ಗಾದೆಗೆ ನಾವು ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎನ್ನುತ್ತೇವೆ. ‘ಗೇವ್ ದ ಪೊಲೀಸ್ ದ ಸ್ಲಿಪ್’ ಎಂಬುದಕ್ಕೆ ನಮ್ಮ ಪತ್ರಿಕೆಗಳ ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ’ ಎಂಬುದಕ್ಕಿಂತ ರುಚಿಯಾದದ್ದು ಸಿಗಲಾರದು. ಚಳ್ಳೆಹಣ್ಣನ್ನು ಹಿಚುಕಿ ನೋಡಿದ್ದೀರಾ? ಒಳಗೆಲ್ಲ ಅಂಟಂಟು ಲೋಳೆ, ಬೆರಳಿಂದ ಬಿಡಿಸಿಕೊಳ್ಳುವುದೇ ಒಂದು ಕೆಲಸ. ಚಿಕ್ಕವರಿದ್ದಾಗ ಪುಸ್ತಕದ ಹಾಳೆ ಅಂಟಿಸಲು ನಾವು ಅದನ್ನೇ ಬಳಸುತ್ತಿದ್ದೆವು.

ನಿಮ್ಮ ತಮ್ಮನೋ ಗೆಳತಿಯೋ ಹೊರದೇಶದಲ್ಲಿದ್ದರೆ ಒಂದು ಮಾತು ಗೊತ್ತಿರಲಿ. ಬೆಂಗಳೂರಿನ ಐಟಿಯವರಿಗೆ ‘ಪಿಂಕ್ ಸ್ಲಿಪ್’ ಎಂದರೆ ಎದೆ ಧಸಕ್ಕೆನ್ನುತ್ತದೆ, ಕೆಲಸ ಹೋಯಿತು ಎಂಬ ಅಮೆರಿಕದ ಅರ್ಥದಿಂದ. ಸಿಡ್ನಿಯಲ್ಲಿರುವವರು ‘ಇವತ್ತು ಪಿಂಕ್ ಸ್ಲಿಪ್ ಸಿಕ್ಕಿತು’ ಎಂದು ಖುಷಿಯಿಂದ ಹೇಳಿದರೆ ಸಮಾಧಾನ ಹೇಳಲು ಹೋಗಬೇಡಿ. ಅಲ್ಲಿ ಅದು ಕಾರು ಸುಸ್ಥಿತಿಯಲ್ಲಿದೆ ಎಂಬ ತಪಾಸಣೆಯ ಚೀಟಿ.

ಹಾಗಾದರೆ ಈ ಪದವನ್ನು ಬಿಡಬೇಕೇ? ಬೇಡ. ಬಿಟ್ಟರೆ ‘ಫೆಲ್’, ‘ಫರ್ಗಾಟ್’, ‘ಮಿಸ್ಟೇಕ್’ ಇವುಗಳಿಂದ ಮುಕ್ಕಾಲು ಕೆಲಸ ನಡೆಯುತ್ತದೆ ನಿಜ. ಆದರೆ ನೀವು ಬಳಸದಿದ್ದರೂ ಬೇರೆಯವರು ಬಳಸುತ್ತಾರೆ, ಓದುವಾಗ ತಡವರಿಸುತ್ತೀರಿ. ಸದ್ಯಕ್ಕೆ ಬರೆಯುವಾಗ ಎರಡೇ ಕಡೆ ಇಟ್ಟುಕೊಳ್ಳಿ: ನಿಜವಾಗಿ ಕಾಲೋ ಕೈಯೋ ಜಾರಿದಾಗ, ಮತ್ತು ಚೀಟಿಯ ಹೆಸರುಗಳಲ್ಲಿ. ಉಳಿದದ್ದು ಓದುತ್ತ ಓದುತ್ತ ತಾನೇ ಬರುತ್ತದೆ. ನಿಮ್ಮ ರಜೆಯ ಮೇಲ್ ಹೀಗಿದ್ದರೆ ಸಾಕಿತ್ತು: ‘ಐ ಸ್ಲಿಪ್ಡ್ ಆನ್ ದ ವೆಟ್ ಸ್ಟೆಪ್ಸ್ ಅಟ್ ದ ಆಫೀಸ್ ದಿಸ್ ಮಾರ್ನಿಂಗ್ ಅಂಡ್ ಹರ್ಟ್ ಮೈ ಬ್ಯಾಕ್. ಐ ಯಾಮ್ ಸೀಯಿಂಗ್ ಎ ಡಾಕ್ಟರ್ ಅಂಡ್ ನೀಡ್ ಟು ಡೇಸ್ ಆಫ್.’ ಮೆಟ್ಟಿಲು ಒದ್ದೆ ಇತ್ತು ಎಂಬುದನ್ನು ಬಿಡಬೇಡಿ. ನಿಮ್ಮ ಮೊದಲ ಮೇಲ್‌ನಲ್ಲಿ ಇಲ್ಲದಿದ್ದದ್ದು, ಎಲ್ಲಕ್ಕಿಂತ ಮುಖ್ಯವಾಗಿ ಇರಬೇಕಾಗಿದ್ದದ್ದು ಅದೇ.

ಬೋರ್ಡಿನ ವಿಷಯ. ಫೋನ್ ಕೊಟ್ಟದ್ದನ್ನು ದಯವಿಟ್ಟು ಹಾಕಿಸಬೇಡಿ. ‘ಒದ್ದೆಯಾದಾಗ ಜಾರು’ ಎಂದರೆ ಕನ್ನಡದಲ್ಲಿ ಅದು ಅಪ್ಪಣೆ. ಓದಿದವರು ಮಳೆ ಬರುವುದನ್ನೇ ಕಾದು ಜಾರಬೇಕಾಗುತ್ತದೆ. ಇಲ್ಲೂ ಅದೇ ಪ್ರಶ್ನೆ ಕೇಳಿಕೊಳ್ಳಿ, ಜಾರುವುದು ಏನು? ಮೆಟ್ಟಿಲು. ‘ಮೆಟ್ಟಿಲು ಒದ್ದೆಯಾದರೆ ಜಾರುತ್ತದೆ. ನಿಧಾನ’ ಎಂದು ಬರೆಸಿ. ಜಾಗ ಸಾಲದಿದ್ದರೆ ‘ಜಾರುತ್ತದೆ, ನಿಧಾನ’ ಇಷ್ಟೇ ಸಾಕು, ಅಕ್ಷರ ದೊಡ್ಡದಾಗಿರಲಿ. ಬೋರ್ಡನ್ನು ಮೇಲಿನ ಮೆಟ್ಟಿಲ ಹತ್ತಿರ ಹಾಕಿಸಿ. ನಾನು ತರಬೇತಿಗೆ ಹೋಗುವ ಒಂದು ಕಟ್ಟಡದಲ್ಲಿ ಅದು ಕೆಳಗಿದೆ, ಬಿದ್ದ ಮೇಲೆ ಓದಿಕೊಳ್ಳಬೇಕು.